ತಿರುಗಿಸಲು ಮನೆಯಿಲ್ಲದ ಮುಯ್ಯಿ

ಕಳ್ಳ ಹಣದ ಮೇಲೆ ಬಿಶ್ಕೆಕ್‌ನ ಸರ್ಕಾರಿ ಕಚೇರಿಯಲ್ಲಿ ಕಣ್ಣಿಟ್ಟು ಕೂತಿರುವ ಅಕ್ಕನ ಮಗಳು ಬುರುಲ್‌ಗೆ, ಉಜ್ಗೆನ್‌ನಿಂದ ಜುಮಾಲಿ ಮಾಮನ ಹಾರೈಕೆ.

ಕಳ್ಳ ಹಣ ಬಿಳಿಯಾಗುವುದನ್ನು, ಭಯೋತ್ಪಾದಕರ ಕೈ ಸೇರುವುದನ್ನು ಯಾವ ದೇಶ ಹೇಗೆ ತಡೆಯುತ್ತದೆಂದು ವರದಿ ಬರೆಯುತ್ತಿದ್ದೀಯಂತೆ. ಎಂಟನೇ ತರಗತಿಯವರೆಗಷ್ಟೇ ಓದಿದ ಈ ಮಾಮನನ್ನು ಕೇಳಿದ್ದರೆ ಕುದುರೆಯ ಮೇಲೆ ಕೂತೇ ಬರೆಸುತ್ತಿದ್ದೆ. ಮೂರು ದೇಶಗಳಲ್ಲಿ ಕುರಿ ಮಾರಿದವನು ನಾನು. ಉಜ್ಬೆಕರಿಗೆ ಕಾಗದ ಬೇಕು: ಹಣ ಎಲ್ಲಿಂದ ಬಂತು, ಮೊಹರು ತೋರಿಸು. ಕಜಕರಲ್ಲಿ ಮನುಷ್ಯ ಕೇಳುವುದೇ ಇಲ್ಲ, ಯಂತ್ರ ನೋಡುತ್ತದೆ. ಅದಕ್ಕೆ ಅನುಮಾನ ಬಂದರೆ ಕಾರ್ಡನ್ನೇ ಮುಚ್ಚುತ್ತದೆ. ನಾವು ಮಾತ್ರ ಕೊಟ್ಟವನ ಮುಖ ನೋಡುತ್ತೇವೆ. ಸಾವಿನ ಮನೆಗೆ ಬಂದ ಮುಯ್ಯಿ ಹಣವನ್ನು ಕೊಟ್ಟವರ ಹೆಸರು ಕೂಗಿ ಓದುವುದೇಕೆ? ನಾಳೆ ಅವನ ಮನೆಯಲ್ಲಿ ಸಾವಾದಾಗ ತಿರುಗಿಸಬೇಕಲ್ಲ. ತಿರುಗಿಸಲು ಮನೆಯಿಲ್ಲದವನ ಹಣ ನಮ್ಮ ಅಂಗಳಕ್ಕೆ ಬರುವುದಿಲ್ಲ ಎಂದು ಮೂವತ್ತು ವರ್ಷ ಜಂಬ ಕೊಚ್ಚಿದ್ದೇನೆ.

ಹೋದ ತಿಂಗಳು ಕಜಕರ ಅಲ್ಮಾಟಿಯಲ್ಲಿ ಕಟ್ಟಡದಿಂದ ಬಿದ್ದು ಸತ್ತ ನಮ್ಮೂರ ತೊಕೊನ್‌ನ ಹೆಣವನ್ನು, ಅಲ್ಲೇ ದುಡಿಯುತ್ತಿದ್ದ ನಿನ್ನ ತಮ್ಮ ಎಲ್ದಿಯಾರ್ ಊರಿಗೆ ತಂದ, ಜೊತೆಗೆ ಅಲ್ಲಿನ ಕೆಲಸಗಾರರ ಮುಯ್ಯಿಯನ್ನೂ. ಪಟ್ಟಿ ಓದಿದವನು ನಾನೇ. ಇಂಥ ಗಂಟಲು ಈ ಕಣಿವೆಯಲ್ಲಿ ಇನ್ಯಾರಿಗಿದೆ? ಐನೂರು, ಸಾವಿರ ಎಂದು ಓದುತ್ತಿದ್ದವನಿಗೆ ಮರಾತ್ ಎಂಬ ಹೆಸರಿನ ಮುಂದೆ ಐವತ್ತು ಸಾವಿರ ಸೋಮ್ ಕಂಡಿತು. ಮುದುಕಿ ಸೈರಾ ಕೇಳಿದಳು: "ಯಾರೋ ಅವ್ನು ಜುಮಾಲಿ? ಯಾರ ಮನೆಯೋನು?"

ಗೊತ್ತಿಲ್ಲ ಎನ್ನಲು ಮೀಸೆ ಬಿಡಲಿಲ್ಲ. "ನಮ್ ಎಲ್ದಿಯಾರ್ ಗೆಳೆಯ. ತಲಾಸ್ ಕಡೆ ದೊಡ್ಡ ಮನೆತನ" ಎಂದುಬಿಟ್ಟೆ. ಎರಡು ಸಲ ಕೂಗಿದೆ. ಊರೆಲ್ಲ ಅಂಗೈಯೆತ್ತಿ ಅವನಿಗೆ ಒಳಿತು ಕೋರಿತು.

ಆಮೇಲೆ ಅನುಮಾನ ಕೊರೆಯತೊಡಗಿತು. ನಿನ್ನ ತಮ್ಮ ಅಲ್ಮಾಟಿಗೆ ಮರಳುವ ಮಾತೇ ಎತ್ತುತ್ತಿಲ್ಲ. ಫೋನ್ ಬಂದರೆ ಕೊಟ್ಟಿಗೆಗೆ ಹೋಗುತ್ತಾನೆ. ತೊಕೊನ್‌ನ ಹೆಂಡತಿ ಆ ಹಣದಲ್ಲಿ ಮಕ್ಕಳ ಹಾಲಿಗೆ ಹಸು ಕೊಳ್ಳಲು ಹೊರಟಾಗ "ಸ್ವಲ್ಪ ತಾಳಮ್ಮ" ಎಂದು ತಡೆದೆ. ನಿನ್ನೆ ಚಹಾ ಬಗ್ಗಿಸುತ್ತಾ ಎಲ್ದಿಯಾರ್‌ನನ್ನು ಹಿಡಿದೆ: "ನಿನ್ ಗೆಳೆಯ ಮರಾತ್‌ನ ಅಪ್ಪನ ಹೆಸರೇನೋ?"

"ಗೊತ್ತಿಲ್ಲ ಮಾಮ. ಎರಡು ತಿಂಗಳು ನನ್ ಬ್ಯಾಂಕ್ ಕಾರ್ಡ್ ಅವ್ನತ್ರ ಇತ್ತು, ಬಾಡಿಗೆ ಕೊಡ್ತಿದ್ದ. ಅದ್ರಲ್ಲಿ ಯಾರ್ಯಾರ ದುಡ್ಡು ಓಡಾಡ್ತೋ. ನಮ್ಮೂರಲ್ಲಿ ತನಗೊಂದು ಒಳ್ಳೆ ಹೆಸರಿರ್ಲಿ ಅಂತ ಮುಯ್ಯಿನೂ ಕೊಟ್ಟ."

"ಕತ್ತೆ, ನಿನ್ ಹೆಸರನ್ನೇ ಬಾಡಿಗೆಗೆ ಬಿಟ್ಯಲ್ಲೋ."

"ನಾನು ಬಾಡಿಗೆಗೆ ಬಿಟ್ಟೆ ಮಾಮ. ನೀವು ಅವ್ನಿಗೆ ಮನೆತನಾನೇ ಪುಕ್ಕಟೆ ಕೊಟ್ರಿ."

ಅವನು ಹೇಳಿದ್ದು ನಿಜ, ಬುರುಲ್.

ನಿನ್ನ ವರದಿಯಲ್ಲಿ ಬರೆ: ಮುಖ ನೋಡುವ ಊರನ್ನು ಕೆಡಿಸಲು ಜಂಬದ ಮುದುಕನೊಬ್ಬ ಸಾಕು. ಗುರುವಾರ ಇವನನ್ನೂ ಮರಾತ್‌ನ ಆ ಐವತ್ತು ಸಾವಿರವನ್ನೂ ನಿನ್ನ ಕಚೇರಿಗೆ ತರುತ್ತೇನೆ. ಅಲ್ಲಿ ತಮ್ಮ, ಮಾಮ ಎನ್ನಬೇಡ. ಬೇರೆ ಅಧಿಕಾರಿಗೆ ಒಪ್ಪಿಸು. ಜೈಲೋ ಬಿಡುಗಡೆಯೋ ಅವರು ಹೇಳಲಿ. ನಿನ್ನ ಅಮ್ಮನಿಗೆ ಇನ್ನೂ ತಿಳಿಸಿಲ್ಲ, ಆ ಧೈರ್ಯ ನನಗಿಲ್ಲ. ನನ್ನ ಬೂದು ಕುದುರೆ ಮಾರಿದೆ. ಆ ದುಡ್ಡಿನಲ್ಲಿ ತೊಕೊನ್‌ನ ಮಕ್ಕಳಿಗೆ ಹಸು ಬಂದಿದೆ. ಶುಕ್ರವಾರ ಮಸೀದಿಯೆದುರು, ತಲಾಸ್‌ನ ಆ ಮನೆತನವನ್ನು ಹುಟ್ಟಿಸಿದವನು ನಾನೇ ಎಂದು ಕೂಗಿ ಹೇಳುತ್ತೇನೆ. ಎರಡು ಸಲ.

ನಿನ್ನ ಒಲೆ ಆರದಿರಲಿ, ನಿನ್ನ ಹೆಸರು ಯಾರ ಕೈಗೂ ಬಾಡಿಗೆಗೆ ಸಿಗದಿರಲಿ.

ಈಗ ನಡೆದೇ ಓಡಾಡುವ,
ಜುಮಾಲಿ ಮಾಮ