ಸುರಂಗಕ್ಕೆ ಇಳಿದ ಎರೆಹುಳ

ಮಾರ್ಚ್ ೧೪, ಗುರುವಾರ

ಪ್ರೀತಿಯ ಅತ್ತಿಗೆಗೆ ನಮಸ್ಕಾರ.

ನಿಮ್ಮ ಪತ್ರ ಬಂದು ಬಹಳ ದಿನವಾಯಿತು. ಉತ್ತರ ಬರೆಯದ ನನ್ನ ಮೇಲೆ ಕೋಪ ಬಂದಿದ್ದರೆ ಅದು ನ್ಯಾಯವೇ. ಪೆನ್ನು ಹಿಡಿದರೆ ಕೈ ಓಡುತ್ತಿರಲಿಲ್ಲ. ಅಮ್ಮ ಈಗ ಎರಡು ತುತ್ತು ಉಣ್ಣುತ್ತಾಳೆ. ಪುಟ್ಟಿಗೆ ಜ್ವರ ಬಿಟ್ಟಿತೆಂದು ಓದಿ ಜೀವಕ್ಕೆ ಸಮಾಧಾನವಾಯಿತು.

ನೀವು ಕೇಳಿದ್ದು ಒಂದೇ ಮಾತು. ಸುರಂಗ ಕುಸಿದಾಗ ಅಣ್ಣ ನರಳಿದನೇ, ಇಲ್ಲ ಆ ಕ್ಷಣಕ್ಕೇ ಹೋದನೇ? ನಿನ್ನ ಯಂತ್ರ ಅಲ್ಲಿಯವರೆಗೆ ಹೋಗಿತ್ತಲ್ಲ, ನಿನಗಲ್ಲದೆ ಇನ್ಯಾರಿಗೆ ಗೊತ್ತು ಎಂದಿದ್ದೀರಿ.

ಆ ಯಂತ್ರವನ್ನು ನೀವೂ ನೋಡಿದ್ದೀರಿ. ರಬ್ಬರು ಬಳಿದ ಬಟ್ಟೆಯನ್ನು ಬೀಸಣಿಗೆಯಂತೆ ಮಡಿಚಿ ಮಾಡಿದ ಉದ್ದನೆಯ ಕೊಳವೆ. ಗಾಳಿ ತುಂಬಿದರೆ ಮಡಿಕೆ ಬಿಚ್ಚಿ ಮುಂದಕ್ಕೆ ಚಾಚುತ್ತದೆ, ತೆಗೆದರೆ ಹಿಂದಿನ ಭಾಗ ಸರಿದು ಬರುತ್ತದೆ. ಮೂಳೆಯಿಲ್ಲ, ಮೋಟಾರಿಲ್ಲ, ಕೈ ತೂರುವಷ್ಟು ಸಂದಿಯಿದ್ದರೆ ಸಾಕು. ಊಟದ ಮೇಜಿನ ಮೇಲೆ ಅದನ್ನು ಹರಿಸಿ ತೋರಿಸಿದ ದಿನ ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. "ಅಷ್ಟೆಲ್ಲ ಓದಿ ಕೊನೆಗೆ ಎರೆಹುಳ ಮಾಡಿದ್ಯಲ್ಲೇ! ಗಾಳಕ್ಕೆ ಸಿಗಿಸೋಣ್ವಾ?"

ಕುಸಿತದ ದಿನ ಎರಡು ಹುಳ ಒಯ್ದಿದ್ದೆವು. ಒಂದರ ಮಡಿಕೆ ಕಲ್ಲಿಗೆ ಸಿಕ್ಕಿ ಹರಿಯಿತು. ಉಳಿದದ್ದರ ಹೊಟ್ಟೆಯೊಳಗೆ ಉಸಿರಾಡಲು ಗಾಳಿ ಸಾಗಿಸುವ ನಳಿಕೆಯಿತ್ತು. ಅದನ್ನು ಮೊದಲು ಅಣ್ಣ ಬೆಸುಗೆ ಹಾಕುತ್ತಿದ್ದ ಕಡೆಗೇ ಬಿಟ್ಟೆವು. ಕ್ಯಾಮೆರಾಕ್ಕೆ ಕೆಸರು ಮೆತ್ತಿ ಏನೂ ಕಾಣಲಿಲ್ಲ, ಸದ್ದೂ ಇರಲಿಲ್ಲ. ಅಷ್ಟರಲ್ಲಿ ಆಚೆ ಬದಿಯಿಂದ ಇಬ್ಬರು ಕಂಬಿ ಬಡಿಯುವುದು ಕೇಳಿಸಿತು. ರಕ್ಷಣಾ ತಂಡದ ಮುಖ್ಯಸ್ಥರು ನನ್ನ ಕಡೆ ತಿರುಗಿ, "ಮೇಡಂ, ಅವರಿಗೆ ಉಸಿರು ಕಟ್ತಾ ಇದೆ. ಇಲ್ಲಿ ಯಾರೂ ಇಲ್ಲ ಅಂದ್ರೆ ಹೇಳ್ಬಿಡಿ, ಆ ಕಡೆ ಕಳಿಸೋಣ" ಎಂದರು. ಯಾರೂ ಇಲ್ಲ ಎಂದೆ. ಆ ಇಬ್ಬರೂ ಬದುಕಿದರು.

ಅಣ್ಣ ನರಳಲಿಲ್ಲ, ಅತ್ತಿಗೆ. ಕಲ್ಲು ಬಿದ್ದ ಕ್ಷಣಕ್ಕೇ ಹೋದ. ಅದನ್ನೇ ನಂಬಿಕೊಂಡಿರಿ.

ಬದುಕಿದವನೊಬ್ಬನ ತಾಯಿ ಮೊನ್ನೆ ನಮ್ಮ ಪ್ರಯೋಗಾಲಯಕ್ಕೇ ಬಂದು ನನ್ನ ಕೈಯನ್ನು ಕಣ್ಣಿಗೊತ್ತಿಕೊಂಡರು. ಅವರೆದುರು ನಿಲ್ಲಲಾಗದೆ, ಕೆಲಸವಿದೆ ಎಂದು ಒಳಗೆ ಹೋಗಿಬಿಟ್ಟೆ.

ಪುಟ್ಟಿಗೆ ನನ್ನ ಪಾಲಿನ ಆಯಸ್ಸೂ ಸೇರಲಿ. ನೀವು ಹೊತ್ತಿಗೆ ಸರಿಯಾಗಿ ಉಣ್ಣಿ.

ನಿಮ್ಮ ನಾದಿನಿ

ಮರೆತ ಮಾತು: ಮರೆತದ್ದಲ್ಲ. ಲಕೋಟೆ ಅಂಟಿಸಿ ಮತ್ತೆ ಹರಿದೆ. ನಿಮಗೆ ಸುಳ್ಳು ಬರೆದು ನಾನು ಬದುಕಲಾರೆ. ಹುಳವನ್ನು ಕಲ್ಲು ಒತ್ತಿದರೆ ನನ್ನ ಕೈಯಲ್ಲಿನ ಒತ್ತಡಮಾಪಕದ ಮುಳ್ಳು ಏರಿ ಅಲ್ಲೇ ನಿಲ್ಲುತ್ತದೆ. ಕೈ ಹಿಸುಕಿದರೆ ಏರುತ್ತದೆ, ಇಳಿಯುತ್ತದೆ. ಆ ದಿನ ಮುಳ್ಳು ಏರಿತು, ಇಳಿಯಿತು, ಮತ್ತೆ ಏರಿತು. ನೋಡಿದವಳು ನಾನೊಬ್ಬಳೇ. ಹೇಳಿದ್ದರೆ ಅಣ್ಣನ ಕೈಯಿಂದ ಹುಳವನ್ನು ಬಿಡಿಸುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ, ನನಗಂತೂ ಇಲ್ಲ. ಗಾಳಿ ತೆಗೆದೆ. ಕೊಳವೆ ಸೊರಗಿತು, ಆದರೂ ಬರಲಿಲ್ಲ. ಜೋರಾಗಿ ಎಳೆದೆ. ಒಮ್ಮೆಲೇ ಹಗುರಾಯಿತು. ನಾನು ಕಿತ್ತುಕೊಂಡೆನೋ, ಅವನೇ ಬಿಟ್ಟುಕೊಟ್ಟನೋ, ಗೊತ್ತಿಲ್ಲ ಅತ್ತಿಗೆ.