ಹಿತ್ತಿಲ ಗೋಡೆಯ ಗೂಡು

ಅಪ್ಪಾ,

ನೀನು ಮಣ್ಣಾದ ಮೇಲೆ ಮುಚ್ಚಿಹೋದ ಚಳ್ಳಕೆರೆಯ ಆ ಹಳೆ ಹೋಟೆಲನ್ನು ಈಗ ಮ್ಯೂಸಿಯಂ ಮಾಡಿದ್ದಾರೆ. ಇವತ್ತು ನನ್ನ ಮಗಳು ನಿರ್ಮಲಾ ಕರೆದುಕೊಂಡು ಹೋಗಿದ್ದಳು. ಮುಂಬಾಗಿಲಿನಿಂದಲೇ ಒಳಗೆ ಹೋದೆವು. ಕಲ್ಲಿನ ಮೇಜು, ಹಿತ್ತಾಳೆ ಬಾಯ್ಲರು ಎಲ್ಲ ತಿಕ್ಕಿ ಬೆಳಗಿಸಿ ಇಟ್ಟಿದ್ದಾರೆ. ನಿನ್ನ ಲೋಟ ಇರುತ್ತಿದ್ದ ಹಿತ್ತಿಲ ಗೋಡೆಯ ಗೂಡೂ ಹಾಗೇ ಇದೆ. ಅದರ ಕೆಳಗೆ 'ದೀಪದ ಗೂಡು' ಅಂತ ಬೋರ್ಡು ಹಾಕಿದ್ದಾರೆ.

"ಇಲ್ಲಿ ದೀಪ ಇಡ್ತಿದ್ರಂತೆ ಕಣವ್ವ, ಎಷ್ಟು ಚೆನ್ನಾಗೈತೆ ನೋಡು" ಎಂದು ನಿರ್ಮಲಾ ಫೋಟೊ ತೆಗೆದಳು. ನಮ್ಮ ಕೇರಿಯವರಿಗೆ ಅಲ್ಲಿ ಬೇರೆ ಲೋಟ ಇಡುತ್ತಿದ್ದರೆಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಆಮೇಲೆ ಬಂದವರಿಗೆಲ್ಲ ಹಿತ್ತಿಲಲ್ಲೇ ಕೂರಿಸಿ ಟೀ ಕೊಟ್ಟರು. ಕುಡಿದವಳೇ ಎದ್ದು, ನಲ್ಲಿಯಲ್ಲಿ ಲೋಟ ತೊಳೆದು, ನೀನು ಮಾಡುತ್ತಿದ್ದ ಹಾಗೆಯೇ ಆ ಗೂಡಿನಲ್ಲಿ ಬೋರಲು ಹಾಕಿಬಿಟ್ಟೆ.

"ಅಯ್ಯೋ, ಲೋಟ ನಾವು ತೊಳೀತೀವಿ ಬಿಡ್ರಿ, ಅಲ್ಲಿ ಇಡಬ್ಯಾಡ್ರಿ" ಎಂದು ಮ್ಯೂಸಿಯಮ್ಮಿನ ಹುಡುಗಿ ಓಡಿ ಬಂದಳು.

ನಿರ್ಮಲಾ ಗೂಡನ್ನು ನೋಡಿದಳು, ನನ್ನನ್ನು ನೋಡಿದಳು. ಬಸ್ಸು ಹತ್ತಿದೆವು. ಊರು ಹತ್ತಿರ ಬಂದಾಗ ಮೆಲ್ಲಗೆ ಕೇಳಿದಳು:

"ಅವ್ವಾ, ತಾತ ಎಲ್ಲಿ ನಿಂತ್ಕೊಂಡು ಕುಡೀತಿದ್ದ?"