ಬೀಗರ ತುತ್ತು

ತರಾಜ್, ಗುರುವಾರ

ಪ್ರೀತಿಯ ಅಪ್ಪನಿಗೆ,

ಮಾತ್ರೆಯ ಸುದ್ದಿ ತೆಗೆದರೆ ನೀವು ಫೋನ್ ಇಟ್ಟುಬಿಡುತ್ತೀರಿ. ಅದಕ್ಕೇ ಬಸ್ಸಿನವರ ಕೈಯಲ್ಲಿ ಈ ಕಾಗದ. ಸಕ್ಕರೆ, ಬಿಪಿ ಜೊತೆಗೆ ಈಗ ನಿಮ್ಮ ರಕ್ತದಲ್ಲಿ ಕೊಬ್ಬೂ ವಿಪರೀತ ಏರಿದೆ, ಹೃದಯಕ್ಕೆ ಅಪಾಯ ಎಂದರು ಡಾಕ್ಟರು. ಭಾನುವಾರ ನನ್ನ ನಿಶ್ಚಿತಾರ್ಥ. ನಮ್ಮ ಪದ್ಧತಿಯಂತೆ ಬೀಗರು ಕುರಿಬಾಲದ ಕೊಬ್ಬನ್ನೂ ಲಿವರನ್ನೂ ನಿಮ್ಮ ಬಾಯಿಗಿಡುತ್ತಾರೆ. ಬೇಡವೆಂದರೆ ಸಂಬಂಧವೇ ಬೇಡವೆಂದಂತೆ. ಹೆದರುತ್ತಲೇ ಅತ್ತೆಯಾಗುವ ಕುಲ್ಯಾಶ್ ಅವರಿಗೆ ವಿಷಯ ಹೇಳಿದೆ.

ಅವರು, "ನಮ್ಮೆಜಮಾನ್ರಿಗೂ ಇದೇ ಇತ್ತು ಕಣಮ್ಮ. 'ನಂಗೇನಾಗಿದೆ?' ಅಂತ ಮಾತ್ರೆ ಬಿಟ್ರು. ಹೋಗೇಬಿಟ್ರು. ನಿಮ್ಮಪ್ಪಂಗೆ ಚೂರು ಲಿವರ್ ಸಾಕು, ಕೊಬ್ಬು ನಾನು ತಿಂತೀನಿ. ಬೀಗರು ಬದುಕಿದ್ರೆ ತಾನೇ ಬೀಗತನ?" ಎಂದರು.

ಶನಿವಾರವೇ ಬನ್ನಿ. ನೀವು ನನ್ನೆದುರು ಮಾತ್ರೆ ನುಂಗುವವರೆಗೂ ಅತ್ತೆ ತೊಡಿಸುವ ನಿಶ್ಚಯದ ಕಿವಿಯೋಲೆಗೆ ನಾನು ಕಿವಿ ಒಡ್ಡುವುದಿಲ್ಲ.

ನಿಮ್ಮ ಮಗಳು,
ಮೆರುಯೆರ್ತ್